ನಿಂತ ರೈಲಿನ ಹಾದಿಗೆ ಸರ್ಕಾರದ ದುಡ್ಡು ಯಾಕೆ? ಪದೇ ಪದೇ ಕೇಳುವ ಪ್ರಶ್ನೆಗಳು

ರೈಲು ಓಡದ ಮಾರ್ಗ ನಡೆಯುವವರಿಗೂ ಸೈಕಲ್‌ನವರಿಗೂ ದಾರಿಯಾಗಲಿ, ಅದಕ್ಕೆ ಸರ್ಕಾರವೇ ದುಡ್ಡು ಹಾಕಲಿ ಎಂದಾಗಲೆಲ್ಲ ಎದುರಾಗುವ ಪ್ರಶ್ನೆಗಳಿವು. ಕೆಲವು ಪತ್ರದಲ್ಲಿ ಬಂದವು, ಕೆಲವು ಸಭೆ ಮುಗಿದು ಎದ್ದು ಹೊರಡುವಾಗ ಕೇಳಿದವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ನಾನು ಇಂಥ ಯೋಜನೆಗಳ ಪರ. ಹಾಗಂತ ವಿರೋಧಿಸುವವರ ಮಾತೆಲ್ಲ ಪೊಳ್ಳು ಅಂತ ನನಗೆ ಅನಿಸಿಲ್ಲ. ಹುರುಳಿರುವ ಕಡೆ ಅದನ್ನೂ ಹೇಳಿದ್ದೇನೆ.

## ಶುರುವಿನ ಪ್ರಶ್ನೆಗಳು

ಹಳಿ ಕಿತ್ತು ದಾರಿ ಮಾಡೋದು ಅಂದ್ರೆ ನಿಜವಾಗಿ ಏನು ಮಾಡ್ತಾರೆ?

ಹಳಿಯನ್ನೂ ಅದರ ಕೆಳಗಿನ ಅಡ್ಡದಿಮ್ಮಿಗಳನ್ನೂ (ಸ್ಲೀಪರ್) ತೆಗೆಯುತ್ತಾರೆ. ಕೆಳಗಿನ ಜಲ್ಲಿಯನ್ನು ಸಮ ಮಾಡಿ, ಮೇಲೆ ಕಲ್ಲುಪುಡಿ ಹಾಸಿ ರೋಲರ್ ಹೊಡೆಯುತ್ತಾರೆ, ಇಲ್ಲವೇ ಡಾಂಬರು ಹಾಕುತ್ತಾರೆ. ಸೇತುವೆಯ ಮೇಲೆ ಹಲಗೆಯನ್ನೋ ಕಾಂಕ್ರೀಟನ್ನೋ ಹಾಸಿ ಎರಡೂ ಪಕ್ಕ ಕಂಬಿ ಕಟ್ಟುತ್ತಾರೆ. ರಸ್ತೆ ದಾಟುವಲ್ಲಿ ಫಲಕ ಮತ್ತು ಗುರುತು ಬರುತ್ತವೆ. ಮೋಟಾರು ವಾಹನ ನುಗ್ಗದ ಹಾಗೆ ಗೂಟ ನೆಡುತ್ತಾರೆ. ಅಗಲ ಸಾಮಾನ್ಯವಾಗಿ 3 ಮೀಟರ್ ಆಸುಪಾಸು.

ಕೇಳೋಕೆ ಇಷ್ಟೇ. ಯಾಕೆಂದರೆ ಕಷ್ಟದ ಕೆಲಸವನ್ನು ಹಿಂದಿನವರು ಮುಗಿಸಿ ಹೋಗಿದ್ದಾರೆ. ಗುಡ್ಡ ಕಡಿದದ್ದು, ತಗ್ಗಿನಲ್ಲಿ ಮಣ್ಣಿನ ಏರಿ ಹಾಕಿದ್ದು, ಹಳ್ಳಕ್ಕೆ ಸೇತುವೆ ಕಟ್ಟಿದ್ದು, ಬೆಟ್ಟ ಕೊರೆದದ್ದು ಎಲ್ಲ ಆಗಿದೆ. ನಾವು ಮೇಲಿನ ಹೊದಿಕೆಯನ್ನು ಬದಲಿಸುತ್ತಿದ್ದೇವೆ, ಅಷ್ಟೇ.

ಹೊಸದಾಗಿ ಒಂದು ದಾರಿ ಹಾಕಿದ್ರೆ ಆಗಲ್ವಾ? ಹಳೇ ರೈಲು ಮಾರ್ಗವೇ ಯಾಕೆ?

ಒಂದನೆಯದು ಏರು. ಉಕ್ಕಿನ ಚಕ್ರಕ್ಕೆ ಉಕ್ಕಿನ ಹಳಿಯ ಮೇಲೆ ಹಿಡಿತ ಕಡಿಮೆ. ಅದಕ್ಕೇ ರೈಲು ಹಾದಿಯನ್ನು ಕಡಿದಾಗಿ ಹಾಕುವುದಿಲ್ಲ. 100 ಮೀಟರ್ ಹೋದರೆ ಒಂದೆರಡು ಮೀಟರ್ ಏರಿದರೆ ಅದೇ ಜಾಸ್ತಿ. ಇಂಜಿನ್ನಿಗೆ ಮಾಡಿದ ಈ ಅನುಕೂಲ ಈಗ ಗಾಲಿಕುರ್ಚಿಗೆ, ಮಂಡಿನೋವಿನವರಿಗೆ, ಪುಟ್ಟ ಸೈಕಲ್ ತುಳಿಯುವ ಮಗುವಿಗೆ ಸಿಗುತ್ತದೆ. ಅಮೆರಿಕದ ಪಿಟ್ಸ್‌ಬರ್ಗ್‌ನಿಂದ ಕಂಬರ್ಲೆಂಡ್‌ವರೆಗಿನ ಗ್ರೇಟ್ ಅಲೆಗೆನಿ ಪ್ಯಾಸೇಜ್ ಸುಮಾರು 240 ಕಿಲೋಮೀಟರ್ ಉದ್ದವಿದೆ. ಬೆಟ್ಟಸಾಲನ್ನೇ ದಾಟುತ್ತದೆ. ಆದರೂ ಉಸಿರು ಕಟ್ಟುವ ಏರು ಅದರಲ್ಲಿಲ್ಲ.

ಎರಡನೆಯದು ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಕಾರಣ. ಅದು ತುಂಡಾಗದ ಜಾಗ. ಒಂದು ಊರಿನ ನಡುವಿನಿಂದ ಇನ್ನೊಂದು ಊರಿನ ನಡುವಿಗೆ ಒಂದೇ ಪಟ್ಟಿಯಾಗಿ ಹೋಗುವ ನೆಲ. ಇವತ್ತು ಹೊಸದಾಗಿ ಅಂಥದ್ದನ್ನು ಜೋಡಿಸಲು ಹೋದರೆ ನೂರಾರು ಮಾಲೀಕರ ಬಾಗಿಲು ತಟ್ಟಬೇಕು. ಒಬ್ಬರು ಒಲ್ಲೆ ಅಂದರೆ ದಾರಿ ಅಲ್ಲಿಗೇ ನಿಂತಿತು. ಸರ್ಕಾರದ ದುಡ್ಡು ಕೊಳ್ಳುವುದು ಡಾಂಬರನ್ನಲ್ಲ, ಈ ಪಟ್ಟಿಯನ್ನು. ಮುಂದಿನ ಅರ್ಧ ಉತ್ತರಗಳಿಗೆ ಬುಡ ಇಲ್ಲೇ ಇದೆ.

ಇಂಥದ್ದು ಎಲ್ಲಾದ್ರೂ ಆಗಿದೆಯಾ, ಇಲ್ಲಾ ಬರೀ ಕನಸಾ?

ಅರ್ಧ ಶತಮಾನಕ್ಕಿಂತ ಹಿಂದೆಯೇ ಆಗಿದೆ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯ ಎಲ್ರಾಯ್ ಮತ್ತು ಸ್ಪಾರ್ಟಾ ಊರುಗಳ ನಡುವಿನ 51 ಕಿಲೋಮೀಟರ್ ಮಾರ್ಗವನ್ನು 1960ರ ದಶಕದಲ್ಲೇ ಕೊಂಡು ಸೈಕಲ್ ದಾರಿ ಮಾಡಿತು. ಅದರಲ್ಲಿ 3 ಸುರಂಗಗಳಿವೆ. ದೊಡ್ಡದು 1 ಕಿಲೋಮೀಟರಿಗಿಂತ ಉದ್ದ. ಒಳಗೆ ದೀಪವಿಲ್ಲ. ಸೈಕಲ್ಲಿನಿಂದ ಇಳಿದು, ಟಾರ್ಚ್ ಹಿಡಿದು ನಡೆದೇ ಹೋಗಬೇಕು. ಮೇಲಿಂದ ನೀರು ತೊಟ್ಟಿಕ್ಕುತ್ತಿರುತ್ತದೆ. ಸುರಂಗದ ಬಾಯಿಗೆ ಎರಡು ಆಳೆತ್ತರಕ್ಕೂ ಮೀರಿದ ಮರದ ಬಾಗಿಲುಗಳಿವೆ. ರೈಲು ಓಡುತ್ತಿದ್ದ ಕಾಲದಲ್ಲಿ, ಚಳಿಗಾಲದಲ್ಲಿ ಒಳಗೆ ನೀರು ಹೆಪ್ಪುಗಟ್ಟಿ ಗೋಡೆ ಬಿರಿಯದಿರಲಿ ಅಂತ ಅವನ್ನು ಮುಚ್ಚಿಡುತ್ತಿದ್ದರು. ರೈಲು ಬಂದಾಗ ತೆರೆಯೋಕೆ, ಹೋದ ಮೇಲೆ ಮುಚ್ಚೋಕೆ ಒಬ್ಬ ಕಾವಲುಗಾರ ಇರುತ್ತಿದ್ದ.

ಇಂಗ್ಲೆಂಡಿನ ಬ್ರಿಸ್ಟಲ್–ಬಾತ್ ದಾರಿ, ಸುಮಾರು 21 ಕಿಲೋಮೀಟರ್, 1979ರಿಂದ 1986ರ ನಡುವೆ ಹಂತ ಹಂತವಾಗಿ ಆಯಿತು. ಸ್ಪೇನ್ 1993ರಲ್ಲಿ ಇಡೀ ದೇಶಕ್ಕೇ ವಿಯಾಸ್ ವೆರ್ದೆಸ್ ಎಂಬ ಯೋಜನೆ ಶುರು ಮಾಡಿತು. ಈಗ 3,000 ಕಿಲೋಮೀಟರ್ ದಾಟಿದೆ. ಅದರಲ್ಲಿ ದಕ್ಷಿಣದ ವಿಯಾ ವೆರ್ದೆ ದೆ ಲಾ ಸಿಯೆರಾ ತಮಾಷೆಯದು. 36 ಕಿಲೋಮೀಟರ್, 30 ಸುರಂಗ, ಆದರೆ ಆ ಮಾರ್ಗದಲ್ಲಿ ಒಂದೇ ಒಂದು ರೈಲೂ ಓಡಿಲ್ಲ. ಕಟ್ಟಿ ಮುಗಿಸುವ ಮೊದಲೇ ಕೈಬಿಟ್ಟಿದ್ದರು. ಈಗ ಸೈಕಲ್ ಓಡುತ್ತವೆ. ಸಿಂಗಪುರಕ್ಕೆ 2011ರಲ್ಲಿ ವಾಪಸ್ ಸಿಕ್ಕಿದ 24 ಕಿಲೋಮೀಟರ್ ರೈಲು ಜಾಗ ಊರಿನ ಉದ್ದಕ್ಕೂ ಹಸಿರು ದಾರಿಯಾಗಿದೆ.

ಅಷ್ಟು ದೂರ ನಡೆಯೋರು ಯಾರ್ರೀ?

ಪೂರ್ತಿ ನಡೆಯುವವರು ಕಡಿಮೆ. ಯಾವ ರಸ್ತೆಯನ್ನೂ ಎಲ್ಲರೂ ಕೊನೆತನಕ ಬಳಸುವುದಿಲ್ಲ, ಅಲ್ವಾ? ಬಹಳಷ್ಟು ಜನ ಬಳಸುವುದು ಒಂದೆರಡು ಕಿಲೋಮೀಟರ್. ಮನೆಯಿಂದ ಶಾಲೆಗೆ, ಕೆಲಸಕ್ಕೆ, ಸಂಜೆಯ ನಡಿಗೆಗೆ. ಬ್ರಿಸ್ಟಲ್–ಬಾತ್ ದಾರಿಯಲ್ಲಿ ಬೆಳಿಗ್ಗೆ ಕೆಲಸಕ್ಕೆ ಹೋಗುವವರದೇ ಗದ್ದಲ. ಅದಕ್ಕೇ ಊರಿಗೆ ಹತ್ತಿರದ ತುಂಡುಗಳನ್ನು ಮೊದಲು ಮಾಡಿ ಅಂತ ಕೇಳುವುದು ಜಾಣತನ. ಚೆಂದದ ಸೇತುವೆ ಇರುವ ದೂರದ ತುಂಡು ಆಮೇಲೆ ಆದರೂ ನಡೆಯುತ್ತದೆ.

## ದುಡ್ಡಿನ ಪ್ರಶ್ನೆಗಳು

ಬೇಕಾದವರು ಚಂದಾ ಎತ್ತಿ ಮಾಡ್ಕೊಳ್ಳಲಿ. ನನ್ನ ತೆರಿಗೆ ಯಾಕೆ?

ನ್ಯಾಯವಾದ ಪ್ರಶ್ನೆ. ಖಾಸಗಿ ದುಡ್ಡಿನಿಂದ ಆಗುವುದೇ ಇಲ್ಲ ಅಂತ ನಾನು ಹೇಳಲಾರೆ. ನ್ಯೂಯಾರ್ಕಿನ ಹೈಲೈನ್ ನೋಡಿ. 1980ರಲ್ಲಿ ಕೊನೆಯ ರೈಲು ಕಂಡ ಎತ್ತರದ ಮಾರ್ಗ, 2009ರಲ್ಲಿ ಉದ್ಯಾನವಾಯಿತು. ಅದರ ವರ್ಷ ವರ್ಷದ ಖರ್ಚನ್ನು ಬಹುಪಾಲು ದಾನಿಗಳಿಂದ ಎತ್ತುವುದು ಒಂದು ಸಂಸ್ಥೆ. ಆದರೆ ಎರಡು ವಿಷಯ ಮರೆಯಬಾರದು. ಕಟ್ಟುವುದಕ್ಕೆ ನಗರದ ಬೊಕ್ಕಸದಿಂದ ದೊಡ್ಡ ಮೊತ್ತವೇ ಬಂದಿತ್ತು. ಮತ್ತೆ, ಹೈಲೈನ್ ಇರುವ ಮ್ಯಾನ್‌ಹಟನ್ನಿನಂಥ ಸಿರಿವಂತ ಜಾಗದಲ್ಲಿ ಸಿಗುವ ದಾನಿಗಳು ಎಲ್ಲ ಊರಲ್ಲೂ ಸಿಗುವುದಿಲ್ಲ.

ನನಗೆ ಇಷ್ಟವಾದ ಉದಾಹರಣೆ ಮಿಸೌರಿ ರಾಜ್ಯದ ಕೇಟಿ ಟ್ರೇಲ್. 1986ರಲ್ಲಿ ರೈಲು ನಿಂತಿತು. ಆ ಜಾಗ ಕೈತಪ್ಪದಿರಲಿ ಅಂತ ದುಡ್ಡು ಕೊಟ್ಟವರು ಟೆಡ್ ಜೋನ್ಸ್ ಮತ್ತು ಪ್ಯಾಟ್ ಜೋನ್ಸ್ ದಂಪತಿ. ಖಾಸಗಿ ದಾನ, ಸರಿ. ಆದರೆ ದಾನ ಒಂದು ಸಲದ್ದು. ಸುಮಾರು 385 ಕಿಲೋಮೀಟರ್ ದಾರಿಯನ್ನು ವರ್ಷ ವರ್ಷ ಕಾಯುವವರು ಯಾರು? 1993ರ ಮಹಾಪ್ರವಾಹ ಬಂದು ಉದ್ದುದ್ದ ತುಂಡುಗಳು ಹಾಳಾದಾಗ ಸರಿ ಮಾಡುವವರು ಯಾರು? ಅಲ್ಲಿ ರಾಜ್ಯದ ಉದ್ಯಾನ ಇಲಾಖೆ ಇತ್ತು. ಅದರ ಹಿಂದೆ 1984ರಲ್ಲಿ ಜನ ತಾವೇ ಮತ ಹಾಕಿ ಒಪ್ಪಿದ ಒಂದು ಮಾರಾಟ ತೆರಿಗೆ ಇತ್ತು. ಶೇಕಡಾ ಒಂದರ ಹತ್ತನೇ ಒಂದು ಭಾಗ. ಅದರಲ್ಲಿ ಅರ್ಧ ಉದ್ಯಾನಗಳಿಗೆ, ಅರ್ಧ ಹೊಲದ ಮಣ್ಣು ನೀರು ಉಳಿಸುವುದಕ್ಕೆ. ಆಮೇಲೂ ಜನ ಅದನ್ನು ಮತ್ತೆ ಮತ್ತೆ ಮತ ಹಾಕಿ ಮುಂದುವರಿಸಿದ್ದಾರೆ.

ಚಂದಾ ಎತ್ತಿದ ಗುಂಪಿಗೆ ಆಗದ ಕೆಲಸ ಇದೇ. ಸೇತುವೆಯ ಹೊಣೆ ಹೊರುವುದು, ಅಪಘಾತವಾದರೆ ಕೋರ್ಟಿಗೆ ಹೋಗುವುದು, ಉತ್ಸಾಹಿಗಳಿಗೆ ವಯಸ್ಸಾದ ಮೇಲೂ ದಾರಿ ತೆರೆದಿಡುವುದು. ಇನ್ನೊಂದು ಮಾತು. ಯಾರ ದುಡ್ಡೋ ಅವರ ಗೇಟು. ಎಲ್ಲರ ದುಡ್ಡಾದರೆ ಯಾರನ್ನೂ ಗೇಟಿನ ಹೊರಗೆ ನಿಲ್ಲಿಸಲು ಆಗದು.

ಆಸ್ಪತ್ರೆ ಶಾಲೆಗೇ ದುಡ್ಡಿಲ್ಲ. ಇದಕ್ಕೆ ಎಲ್ಲಿಂದ ತರ್ತಾರೆ?

ಆಸ್ಪತ್ರೆಯ ಔಷಧಿ ದುಡ್ಡು ಕಡಿದು ದಾರಿ ಮಾಡುತ್ತೇವೆ ಅಂದರೆ ನಾನೂ ನಿಮ್ಮ ಜೊತೆ ನಿಂತು ಬೇಡ ಅನ್ನುತ್ತೇನೆ. ಆದರೆ ಸಾಮಾನ್ಯವಾಗಿ ಇದು ಬರುವುದು ಸಾರಿಗೆಯ ದುಡ್ಡಿನಿಂದ. ಅಮೆರಿಕದಲ್ಲಿ 1991ರ ಸಾರಿಗೆ ಕಾನೂನು ಒಂದು ದೊಡ್ಡ ನಿಧಿಯಲ್ಲಿ ಶೇಕಡಾ 10ರಷ್ಟನ್ನು ಇಂಥ ಕೆಲಸಗಳಿಗೆ ಎತ್ತಿಟ್ಟಿತು. ನಡಿಗೆ, ಸೈಕಲ್, ಹಳೆಯ ರೈಲು ಹಾದಿಗಳೂ ಅದರಲ್ಲಿ ಸೇರಿದವು. ಆಮೇಲೆ ಅಲ್ಲಿ ಈ ದಾರಿಗಳು ಹೆಚ್ಚಿದ್ದು ಕಾಕತಾಳೀಯ ಅಲ್ಲ.

ಹಾಗಾಗಿ ‘ದುಡ್ಡು ಇದೆಯಾ’ ಅನ್ನುವುದಕ್ಕಿಂತ ‘ಯಾವ ಬಾಬತ್ತಿನಿಂದ ಬರುತ್ತದೆ, ಇದಕ್ಕೆ ಕೊಡದಿದ್ದರೆ ಅದು ಎಲ್ಲಿಗೆ ಹೋಗುತ್ತದೆ’ ಅಂತ ಕೇಳಿ. ಬಹಳ ಸಲ ಉತ್ತರ ಇನ್ನೊಂದು ರಸ್ತೆಯ ಅಗಲೀಕರಣ ಎಂದಿರುತ್ತದೆ.

ಟಿಕೆಟ್ ಇಟ್ಟು ವಸೂಲಿ ಮಾಡಬಾರದಾ?

ಕೆಲವರು ಮಾಡುತ್ತಾರೆ. ಎಲ್ರಾಯ್–ಸ್ಪಾರ್ಟಾದಲ್ಲಿ ಸೈಕಲ್‌ನವರು ಪಾಸ್ ಕೊಳ್ಳಬೇಕು. ಐಡಾಹೊ–ಮಾಂಟಾನಾ ಗಡಿಯ ರೂಟ್ ಆಫ್ ದ ಹಯವಾತಾದಲ್ಲೂ ಪಾಸ್ ಬೇಕು. ಬೆಟ್ಟಗಾಡಿನಲ್ಲಿ, ಒಳಬರುವ ಜಾಗ ಎರಡೋ ಮೂರೋ ಇರುವ ಕಡೆ ಇದು ನಡೆಯುತ್ತದೆ. ಊರೊಳಗೆ ಪ್ರತಿ ಅಡ್ಡರಸ್ತೆಯಲ್ಲೂ ಜನ ಹತ್ತಿ ಇಳಿಯುವ ದಾರಿಗೆ ಟಿಕೆಟ್ ಇಟ್ಟರೆ, ವಸೂಲಿ ಮಾಡುವವರ ಸಂಬಳಕ್ಕೇ ವಸೂಲಿ ಸರಿಹೋಗುತ್ತದೆ.

ಹಳಿ ಕಬ್ಬಿಣ ಮಾರಿದ್ರೆ ಖರ್ಚು ಹುಟ್ಟಲ್ವಾ?

ಹಳಿಗೆ ಬೆಲೆ ಇದೆ, ನಿಜ. ಆದರೆ ಹಸ್ತಾಂತರಕ್ಕೆ ಮೊದಲೇ ರೈಲು ಕಂಪನಿಯೇ ಅದನ್ನು ಎತ್ತಿಕೊಂಡು ಹೋಗುವುದು ಜಾಸ್ತಿ. ಒಪ್ಪಂದದಲ್ಲಿ ಹಳಿ ಯಾರ ಪಾಲಿಗೆ ಅಂತ ಓದಿ ನೋಡಿ. ಮರದ ಸ್ಲೀಪರ್ ಮಾತ್ರ ಆದಾಯವಲ್ಲ, ಖರ್ಚು. ಹುಳ ಹಿಡಿಯದಿರಲಿ ಅಂತ ಅದಕ್ಕೆ ಕ್ರಿಯೋಸೋಟ್ ಎಂಬ ಎಣ್ಣೆ ಕುಡಿಸಿರುತ್ತಾರೆ. ಅದನ್ನು ಸುಡುವಂತಿಲ್ಲ, ಕಂಡಕಂಡಲ್ಲಿ ಹೂಳುವಂತಿಲ್ಲ. ಕೆಲವರು ಅದನ್ನು ತೋಟದ ಅಂಚಿಗೆ, ಮಕ್ಕಳ ಆಟದ ಜಾಗಕ್ಕೆ ಹಾಕಿಕೊಳ್ಳುತ್ತಾರೆ. ದಯವಿಟ್ಟು ಬೇಡ.

ಅಂದಾಜು ಪಟ್ಟಿ ಕೈಗೆ ಸಿಕ್ತು. ಏನು ನೋಡ್ಲಿ?

ಮೊದಲು ಮೋರಿ ನೋಡಿ. ಯಾರೂ ನೋಡದ ಸಾಲು ಅದು.

ರೈಲು ಓಡುವಾಗ ಗ್ಯಾಂಗ್‌ಮನ್‌ಗಳು ಮಾರ್ಗದ ಉದ್ದಕ್ಕೂ ನಡೆಯುತ್ತಿದ್ದರು. ಬೋಲ್ಟು ಬಿಗಿ ಮಾಡುತ್ತಿದ್ದರು, ಏರಿಯ ಕೆಳಗಿನ ಮೋರಿಗಳಲ್ಲಿ ಸಿಕ್ಕಿಕೊಂಡ ಕಸಕಡ್ಡಿ ತೆಗೆಯುತ್ತಿದ್ದರು. ರೈಲು ನಿಂತ ದಿನ ಅವರೂ ಹೋದರು. ಆಮೇಲೆ ಮೋರಿಯ ಬಾಯಿಗೆ ಮೊದಲು ಎಲೆ, ಆಮೇಲೆ ಕೊಂಬೆ, ಆಮೇಲೆ ಹೂಳು ತುಂಬುತ್ತದೆ. ನೀರು ಏರಿಯ ಒಂದು ಪಕ್ಕ ಕೆರೆಯಾಗಿ ನಿಲ್ಲುತ್ತದೆ. ಮಣ್ಣು ನೆನೆದು ಮೆತ್ತಗಾಗುತ್ತದೆ. ಒಂದು ಜೋರು ಮಳೆಗೆ ಏರಿಯೇ ಕೊಚ್ಚಿಹೋಗುತ್ತದೆ. ಮೇಲೆ ಹಾಕಿದ ಹೊಸ ಡಾಂಬರು ಗಾಳಿಯಲ್ಲಿ ತೂಗಾಡುತ್ತದೆ. ಪ್ರತಿ ಮೋರಿಯನ್ನೂ ಇಳಿದು ನೋಡಿ ಪಟ್ಟಿ ಮಾಡಿದ್ದಾರಾ, ಇಲ್ಲಾ ‘ಚರಂಡಿ ಕೆಲಸ, ಒಟ್ಟಾರೆ’ ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದಾರಾ? ಎರಡನೆಯದಾದರೆ ಅಂದಾಜು ಮಾಡಿದವರು ಜಾಗ ನೋಡಿಲ್ಲ ಅಂದುಕೊಳ್ಳಿ.

ಆಮೇಲೆ ಸೇತುವೆಗಳ ತಪಾಸಣೆ. ರೈಲು ಹೊತ್ತ ಸೇತುವೆಗೆ ಜನರ ಭಾರ ಏನೂ ಅಲ್ಲ. ತೊಂದರೆ ಇರುವುದು ತುಕ್ಕಿನಲ್ಲಿ, ನೀರು ಕೊರೆದ ಕಂಬದ ಬುಡದಲ್ಲಿ. ಅದನ್ನು ನೋಡುವ ಖರ್ಚು ಮೊದಲೇ ಹಾಕಿರಬೇಕು. ಮಣ್ಣಿನ ಪರೀಕ್ಷೆ, ರಸ್ತೆ ದಾಟುವ ಜಾಗ, ಎದುರು ನೋಡದ ಖರ್ಚಿಗೆ ಒಂದಿಷ್ಟು ಮೀಸಲು ಇವೂ ಇರಬೇಕು.

ಕೊನೆಗೆ ನಿರ್ವಹಣೆ. ಉದ್ಘಾಟನೆಗೆ ದುಡ್ಡು ಹೇಗೋ ಹುಟ್ಟುತ್ತದೆ. ಐದನೇ ವರ್ಷದ ಮೋರಿ ಹೂಳಿಗೆ ಹುಟ್ಟುವುದಿಲ್ಲ. ಯಾವ ಇಲಾಖೆ, ಯಾವ ಲೆಕ್ಕದಿಂದ, ವರ್ಷಕ್ಕೆ ಎಷ್ಟು ಅಂತ ಬರೆದಿಲ್ಲದ ಯೋಜನೆಗೆ ನಾನು ಬೆಂಬಲ ಕೊಡುವಾಗ ಇದನ್ನೇ ಷರತ್ತು ಮಾಡುತ್ತೇನೆ.

ಹಾಕಿದ ದುಡ್ಡು ಊರಿಗೆ ವಾಪಸ್ ಬರುತ್ತಾ?

ಬಂದ ಕಡೆ ಇದೆ. ನ್ಯೂಜಿಲೆಂಡಿನ ಒಟಾಗೊ ಸೆಂಟ್ರಲ್ ರೈಲು ಹಾದಿ ಮಿಡ್ಲ್‌ಮಾರ್ಚ್‌ನಿಂದ ಕ್ಲೈಡ್‌ವರೆಗೆ 150 ಕಿಲೋಮೀಟರ್ ಆಸುಪಾಸು. 1990ರಲ್ಲಿ ಆ ಭಾಗದಲ್ಲಿ ರೈಲು ನಿಂತಿತು, ಸರ್ಕಾರದ ಸಂರಕ್ಷಣಾ ಇಲಾಖೆ ಜಾಗ ತೆಗೆದುಕೊಂಡಿತು, 2000ದಲ್ಲಿ ಪೂರ್ತಿ ದಾರಿ ತೆರೆಯಿತು. ಹಾದಿಯಲ್ಲಿ ಇರುವುದೆಲ್ಲ ಸಣ್ಣ ಊರುಗಳು. ದಿನಕ್ಕೆ ಇಷ್ಟಿಷ್ಟು ದೂರ ಸೈಕಲ್ ತುಳಿಯುವವರಿಗೆ ಮಲಗೋಕೆ ಜಾಗ, ಊಟ, ಸೈಕಲ್ ಬಾಡಿಗೆ, ಸಾಮಾನು ಸಾಗಿಸುವ ವ್ಯಾನು ಬೇಕು. ಅದರಿಂದಲೇ ಬದುಕು ಕಟ್ಟಿಕೊಂಡ ಮನೆಗಳು ಅಲ್ಲಿವೆ.

ಆದರೆ ‘ಇಷ್ಟು ಹಾಕಿದರೆ ಇಷ್ಟು ಪಟ್ಟು ಬರುತ್ತದೆ’ ಎಂಬ ಹೊಳೆಯುವ ಅಂಕಿಗಳನ್ನು ನಂಬಿ ಕೂರಬೇಡಿ. ಒಟಾಗೊದಲ್ಲಿ ರಾತ್ರಿ ಉಳಿಯಲೇಬೇಕಾದಷ್ಟು ದೂರವಿದೆ. 6 ಕಿಲೋಮೀಟರ್ ದಾರಿಗೆ ಬಂದವರು ಒಂದು ಗಂಟೆಯಲ್ಲಿ ಮನೆಗೆ ಹೋಗುತ್ತಾರೆ. ಅಂಥ ದಾರಿಯನ್ನು ಆರೋಗ್ಯ, ಸುರಕ್ಷಿತ ಓಡಾಟ ಅಂತ ಹೇಳಿ ಸಮರ್ಥಿಸಿ. ಪ್ರವಾಸೋದ್ಯಮದ ಲೆಕ್ಕ ತೋರಿಸಿದರೆ ಆಮೇಲೆ ತಲೆ ತಗ್ಗಿಸಬೇಕಾಗುತ್ತದೆ.

## ಅಕ್ಕಪಕ್ಕದವರ ಪ್ರಶ್ನೆಗಳು

ನಮ್ಮ ಹಿತ್ತಲಿಗೇ ಜನ ಬಂದ್ರೆ ಕಳ್ಳತನ ಆಗಲ್ವಾ?

ಭಯ ಸಹಜ. ಹಿತ್ತಲ ಹಿಂದೆ ಇಷ್ಟು ದಿನ ಯಾರೂ ಇರಲಿಲ್ಲ, ಈಗ ಅಪರಿಚಿತರು ನಡೆಯುತ್ತಾರೆ. ಆದರೆ ‘ಯಾರೂ ಇರಲಿಲ್ಲ’ ಅನ್ನುವುದು ಪೂರ್ತಿ ನಿಜವಾ? ಪಾಳು ಬಿದ್ದ ಮಾರ್ಗದಲ್ಲಿ ಕುಡಿಯುವವರು ಕೂರುತ್ತಾರೆ, ಕಸ ಸುರಿಯುತ್ತಾರೆ. ಅಲ್ಲಿ ಯಾರಿಗೂ ಯಾರೂ ಕಾಣುವುದಿಲ್ಲ. ಜನ ಓಡಾಡುವ ಜಾಗದಲ್ಲಿ ಕಣ್ಣುಗಳೂ ಇರುತ್ತವೆ.

ಮನೆಯೊಳಗೆ ಇಣುಕುತ್ತಾರೆ ಎಂಬ ದೂರು ಬೇರೆ. ಏರಿ ಎತ್ತರದಲ್ಲಿದ್ದರೆ ಅದು ನಿಜವಾದ ಸಮಸ್ಯೆ. ಬೇಲಿ, ಪೊದೆ, ತಡೆಗೋಡೆ ಯೋಜನೆಯ ಖರ್ಚಿನಲ್ಲೇ ಬರಲಿ ಅಂತ ಒತ್ತಾಯಿಸಿ. ಇದನ್ನು ಕೇಳಿದ ನೆರೆಯವರನ್ನು ‘ಅಭಿವೃದ್ಧಿ ವಿರೋಧಿ’ ಅನ್ನುವ ಕಾರ್ಯಕರ್ತರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಹಾದಿಯ ಎರಡೂ ಕಡೆ ನನ್ನ ಹೊಲ ಇದೆ. ದನ, ಟ್ರ್ಯಾಕ್ಟರ್ ದಾಟೋದು ಹೇಗೆ?

ಐರ್ಲೆಂಡಿನ ಗ್ರೇಟ್ ವೆಸ್ಟರ್ನ್ ಗ್ರೀನ್‌ವೇ ಕಥೆ ಇಲ್ಲಿ ಕೆಲಸಕ್ಕೆ ಬರುತ್ತದೆ. 1937ರಲ್ಲಿ ರೈಲು ನಿಂತ ಆ 42 ಕಿಲೋಮೀಟರ್ ಹಾದಿಯ ಜಾಗ ಕಾಲಕ್ರಮೇಣ ರೈತರ ಕೈ ಸೇರಿತ್ತು. ಅಲ್ಲಿ ಜಾಗವನ್ನು ಕಿತ್ತುಕೊಳ್ಳಲಿಲ್ಲ. ಜಮೀನು ನಿಮ್ಮದೇ, ಜನ ನಡೆಯೋಕೆ ಅನುಮತಿ ಕೊಡಿ ಅಂತ ಒಬ್ಬೊಬ್ಬರ ಹತ್ತಿರವೂ ಮಾತಾಡಿದರು. ಅವರು ಒಪ್ಪಿದರು. ಬೇಲಿ, ದನ ದಾಟುವ ಗೇಟು ಯೋಜನೆಯಲ್ಲೇ ಬಂದವು. ಹಾದಿಯಲ್ಲಿ ಹೋಗುವವರು ಗೇಟು ತೆಗೆದರೆ ಮುಚ್ಚಿ ಹೋಗಬೇಕು.

ಇದರಲ್ಲಿ ಒಂದು ದೌರ್ಬಲ್ಯವೂ ಇದೆ. ಅನುಮತಿ ಅಂದರೆ ಅನುಮತಿಯೇ, ನಾಳೆ ಹಿಂದಕ್ಕೆ ತೆಗೆದುಕೊಳ್ಳಬಹುದು. ಆದರೂ ರೈತರ ಜೊತೆ ಮೊದಲು ಮಾತು, ಆಮೇಲೆ ನಕ್ಷೆ ಎಂಬ ಕ್ರಮ ಎಲ್ಲ ಕಡೆಗೂ ಸರಿ. ದಾಟುವ ಜಾಗವನ್ನು ರೈತರೇ ನಿಂತು ತೋರಿಸಲಿ. ಕಚೇರಿಯಲ್ಲಿ ಕೂತು ಹಾಕಿದ ಗೇಟು ಯಾವಾಗಲೂ ತಪ್ಪು ಜಾಗದಲ್ಲೇ ಇರುತ್ತದೆ.

ಇದು ಬಂದ್ರೆ ಬಾಡಿಗೆ ಏರಿ ಇದ್ದವರೇ ಊರು ಬಿಡಬೇಕಾಗುತ್ತಂತೆ?

ದೊಡ್ಡ ನಗರದ ನಡುವೆ ಆದರೆ ಈ ಅಪಾಯ ನಿಜ. ಹೈಲೈನ್ ಸುತ್ತ ದುಬಾರಿ ಕಟ್ಟಡಗಳು ಎದ್ದವು. ಶಿಕಾಗೊದಲ್ಲಿ 2015ರಲ್ಲಿ ತೆರೆದ 606 ಎಂಬ ಎತ್ತರದ ಹಾದಿಯ ಪಶ್ಚಿಮ ಭಾಗದಲ್ಲಿ ಮನೆ ಬೆಲೆ ಏರಿ, ಹಳೆಯ ಮನೆಗಳನ್ನು ಕೆಡವಿ ಸಿರಿವಂತರ ಮನೆ ಕಟ್ಟುವುದು ಶುರುವಾಯಿತು. ನಗರಸಭೆ 2020ರಲ್ಲಿ ಅಲ್ಲಿ ಮನೆ ಕೆಡವುವುದಕ್ಕೆ ತಾತ್ಕಾಲಿಕ ತಡೆ ತರಬೇಕಾಯಿತು. ದಾರಿ ತೆರೆದು ವರ್ಷಗಳಾದ ಮೇಲೆ ಬಂದ ತಡೆ ಅದು. ಬಾಡಿಗೆದಾರರಿಗೆ ರಕ್ಷಣೆ, ಕಡಿಮೆ ಬೆಲೆಯ ಮನೆಗೆ ಜಾಗ ಇವು ದಾರಿಯ ಜೊತೆಗೇ ಮಂಜೂರಾಗಬೇಕು. ಆಮೇಲೆ ನೋಡೋಣ ಅಂದರೆ ನೋಡೋಕೆ ಜನ ಅಲ್ಲಿ ಇರುವುದಿಲ್ಲ.

## ಕೆಲಸದ ಒಳಗಿನ ಪ್ರಶ್ನೆಗಳು

ಮಣ್ಣಲ್ಲಿ ವಿಷ ಇರುತ್ತೆ ಅಂತಾರೆ, ನಿಜವಾ?

ಇರಬಹುದು. ಕಳೆ ಸಾಯಲಿ ಅಂತ ಹಿಂದೆ ಹಳಿಯ ಉದ್ದಕ್ಕೂ ಆರ್ಸೆನಿಕ್ ಇರುವ ಔಷಧ ಹೊಡೆಯುತ್ತಿದ್ದದ್ದುಂಟು. ಸ್ಲೀಪರ್‌ನಿಂದ ಕ್ರಿಯೋಸೋಟ್, ಇಂಜಿನ್‌ನಿಂದ ಎಣ್ಣೆ, ಕಲ್ಲಿದ್ದಲ ಬೂದಿ ಮಣ್ಣಿಗೆ ಸೇರಿರುತ್ತವೆ. ಜಾಸ್ತಿ ಇರುವುದು ಸ್ಟೇಷನ್, ಯಾರ್ಡ್, ಇಂಜಿನ್ ನಿಲ್ಲುತ್ತಿದ್ದ ಜಾಗದಲ್ಲಿ. ಪರೀಕ್ಷೆ ಮಾಡಿ, ಬಹಳ ಕೆಟ್ಟಿರುವುದನ್ನು ಅಗೆದು ಸಾಗಿಸುತ್ತಾರೆ. ಉಳಿದದ್ದನ್ನು ಗಟ್ಟಿ ಹೊದಿಕೆಯಿಂದ ಮುಚ್ಚುತ್ತಾರೆ. ನೆನಪಿಡಿ, ದಾರಿ ಮಾಡದಿದ್ದರೂ ಆ ವಿಷ ಅಲ್ಲೇ ಇರುತ್ತದೆ, ಮಕ್ಕಳು ಅಲ್ಲೇ ಆಡುತ್ತಾರೆ.

ಡಾಂಬರಾ, ಕಲ್ಲುಪುಡಿಯಾ?

ಊರೊಳಗೆ ಡಾಂಬರು, ಹೊರಗೆ ಕಲ್ಲುಪುಡಿ. ಡಾಂಬರಿಗೆ ಮೊದಲ ಖರ್ಚು ಜಾಸ್ತಿ, ಆದರೆ ಗಾಲಿಕುರ್ಚಿಗೂ ಮಳೆಗಾಲಕ್ಕೂ ಅದೇ ಸರಿ. ಬೇರು ಎದ್ದು ಬಿರುಕು ಬಿಟ್ಟರೆ ತೇಪೆ ಹಾಕುತ್ತಾ ಇರಬೇಕು. ಕಲ್ಲುಪುಡಿ ಕಾಲಿಗೆ ಮೆತ್ತಗೆ, ಓಡುವವರಿಗೆ ಇಷ್ಟ. ಮಳೆಗೆ ಕೊರೆದುಹೋದ ಕಡೆ ಮತ್ತೆ ತುಂಬಬೇಕು.

ಹಳೇ ಸುರಂಗ ಮುಚ್ಚಿಬಿಡೋದೇ ಸೇಫ್ ಅಲ್ವಾ?

ಮುಚ್ಚಿದರೂ ಖರ್ಚು ನಿಲ್ಲುವುದಿಲ್ಲ. ಮೇಲೆ ಮನೆ, ರಸ್ತೆ ಇದ್ದರೆ ಒಳಗಿನ ಇಟ್ಟಿಗೆ ಬೀಳದ ಹಾಗೆ ನೋಡಿಕೊಳ್ಳುತ್ತಲೇ ಇರಬೇಕು. ಇಂಗ್ಲೆಂಡಿನ ಮಾನ್ಸಲ್ ಟ್ರೇಲ್‌ನಲ್ಲಿ ಸುರಂಗಗಳನ್ನು ಬಹುಕಾಲ ಮುಚ್ಚಿಟ್ಟಿದ್ದರು. ನಡೆಯುವವರು ಅಲ್ಲಿ ಬಂದು, ದಾರಿ ಬಿಟ್ಟು, ಸುತ್ತಿ ಹತ್ತಿ ಇಳಿಯಬೇಕಿತ್ತು. ಸೈಕಲ್, ಗಾಲಿಕುರ್ಚಿಯವರಿಗೆ ಅಲ್ಲಿಗೇ ಕೊನೆ. 2011ರಲ್ಲಿ ಸರ್ಕಾರದ ಅನುದಾನದಿಂದ 4 ಸುರಂಗ ತೆರೆದ ಮೇಲೆ ಅದು ಒಂದು ದಾರಿ ಅನಿಸಿಕೊಂಡಿತು. ಚಂದಾ ದುಡ್ಡಿನಿಂದ ಆಗದ ಕೆಲಸ ಯಾವುದು ಅಂತ ಯಾರಾದರೂ ಕೇಳಿದರೆ ಸುರಂಗ ತೋರಿಸಿ.

ಗಿಡ ಬೆಳೆದು ಕಾಡಾಗಿದೆ. ಹಾಗೇ ಬಿಟ್ರೆ ಪ್ರಾಣಿಪಕ್ಷಿಗಳಿಗೆ ಒಳ್ಳೇದಲ್ವಾ?

ಇದಕ್ಕೆ ಸುಲಭದ ಉತ್ತರವಿಲ್ಲ. ಹೊಲ, ಮನೆಗಳ ನಡುವೆ ಉಳಿದ ಉದ್ದನೆಯ ಹಸಿರು ಪಟ್ಟಿ ಅದು. ಪ್ರಾಣಿಗಳು ಅದನ್ನು ಹಿಡಿದು ಒಂದು ಕಡೆಯಿಂದ ಇನ್ನೊಂದು ಕಡೆ ಹೋಗುತ್ತವೆ. ನಡುವಿನ 3 ಮೀಟರ್ ಬಿಟ್ಟು ಉಳಿದದ್ದನ್ನು ಮುಟ್ಟದೆ, ಪೂರ್ತಿ ಬೋಳಿಸದೆ ಮಾಡಿದರೆ ಎರಡೂ ಉಳಿಯುತ್ತದೆ. ಸುರಂಗದಲ್ಲಿ ಬಾವಲಿ ಇರುತ್ತವೆ. ಬಾತ್ ನಗರದ ಕೂಂಬ್ ಡೌನ್ ಸುರಂಗ ಒಂದೂವರೆ ಕಿಲೋಮೀಟರಿಗಿಂತ ಉದ್ದ, 2013ರಲ್ಲಿ ತೆರೆಯಿತು. ಅಲ್ಲಿ ರಾತ್ರಿ ಹೊತ್ತು ದೀಪ ಆರಿಸುತ್ತಾರೆ. ಉದ್ದಕ್ಕೂ ಅಲಂಕಾರದ ದೀಪ ಬರೆದಿರುವ ಯೋಜನೆ ಕಂಡರೆ ವಿರೋಧಿಸಿ. ಅದರಲ್ಲಿ ಪ್ರಾಣಿಗೂ ನಷ್ಟ, ಬಿಲ್ಲೂ ಜಾಸ್ತಿ.

## ಕಾನೂನು, ಮುಂದಿನ ಕಾಲ

ಮುಂದೆ ರೈಲು ಮತ್ತೆ ಬೇಕಾದ್ರೆ?

ನನ್ನ ಬೆಂಬಲಕ್ಕೆ ದೊಡ್ಡ ಕಾರಣವೇ ಇದು. ಸ್ಕಾಟ್ಲೆಂಡಿನ ಎಡಿನ್‌ಬರೋದಿಂದ ದಕ್ಷಿಣಕ್ಕೆ ಹೋಗುತ್ತಿದ್ದ ವೇವರ್ಲಿ ಮಾರ್ಗ 1969ರಲ್ಲಿ ಮುಚ್ಚಿತು. ಜಾಗವನ್ನು ಒಟ್ಟಾಗಿ ಕಾಯುವವರು ಇರಲಿಲ್ಲ. 2015ರಲ್ಲಿ ಅದರ ಒಂದು ಭಾಗದಲ್ಲಿ ಮತ್ತೆ ರೈಲು ಓಡಿತು. ಆದರೆ ಅಷ್ಟರಲ್ಲಿ ಹಳೆಯ ಹಾದಿಯ ಮೇಲೆ ಕೆಲವೆಡೆ ರಸ್ತೆ, ಕಟ್ಟಡ ಬಂದುಬಿಟ್ಟಿದ್ದವು. ಸುತ್ತಿ ಹೊಸ ಹಾದಿ ಹಾಕಬೇಕಾಯಿತು.

ಅಮೆರಿಕ 1983ರಲ್ಲಿ ಇದಕ್ಕೆ ಒಂದು ಕಾನೂನು ಮಾಡಿತು. ರೈಲು ಕಂಪನಿ ಮಾರ್ಗವನ್ನು ಪೂರ್ತಿ ಕೈಬಿಡುವ ಬದಲು, ಸದ್ಯಕ್ಕೆ ದಾರಿಯಾಗಲಿ, ಬೇಕಾದಾಗ ರೈಲು ವಾಪಸ್ ಬರಬಹುದು ಎಂದು ಒಪ್ಪಂದ ಮಾಡಿಕೊಳ್ಳಬಹುದು. ದಾರಿ ನೋಡಿಕೊಳ್ಳುವವರು ತೆರಿಗೆ ಮತ್ತು ಹೊಣೆ ಹೊರಬೇಕು. ದಾರಿ ಪ್ರಿಯರಿಗೆ ಕಹಿಯಾದ ಮಾತು ಅದರಲ್ಲೇ ಇದೆ. ರೈಲು ಕೇಳಿದರೆ ಬಿಟ್ಟುಕೊಡಬೇಕು. ನನಗೆ ಅದರಲ್ಲಿ ಬೇಸರವಿಲ್ಲ. ಜಾಗ ಉಳಿದಿದ್ದಕ್ಕೇ ತಾನೇ ಕೇಳುವ ಪ್ರಶ್ನೆ ಹುಟ್ಟಿದ್ದು?

ಹಳಿ ಉಳಿಸಿಕೊಂಡೇ ಪಕ್ಕದಲ್ಲಿ ದಾರಿ ಮಾಡಬಹುದಾ?

ಅಗಲ ಇದ್ದರೆ ಮಾಡಬಹುದು. ಕಂಬರ್ಲೆಂಡ್ ಮತ್ತು ಫ್ರಾಸ್ಟ್‌ಬರ್ಗ್ ನಡುವೆ ಗ್ರೇಟ್ ಅಲೆಗೆನಿ ಪ್ಯಾಸೇಜ್‌ನ ಪಕ್ಕದಲ್ಲೇ ಪ್ರವಾಸಿ ರೈಲಿನ ಹಳಿ ಇದೆ. ತೊಡಕು ಬರುವುದು ಸೇತುವೆ, ಸುರಂಗ, ಗುಡ್ಡ ಕಡಿದ ಇಕ್ಕಟ್ಟಿನ ಜಾಗಗಳಲ್ಲಿ. ಅಲ್ಲಿ ಒಂದೇ ಹಳಿಗೆ ಆಗುವಷ್ಟು ಜಾಗವಿರುತ್ತದೆ. ರೈಲು ಬರುತ್ತದೆ ಅನ್ನುವವರು ಯಾರ ದುಡ್ಡಿನಿಂದ, ಯಾವ ವರ್ಷ ಅಂತ ಹೇಳಲಿ. ಹೇಳಿದರೆ ಪಕ್ಕದ ದಾರಿ ಯೋಚಿಸೋಣ. ಹೇಳದಿದ್ದರೆ ಹಳಿ ಸುಮ್ನೆ ತುಕ್ಕು ಹಿಡಿಯುತ್ತಾ ಕೂರುತ್ತದೆ.

ಆ ಜಾಗ ನಿಜವಾಗಿ ಯಾರದ್ದು?

ರೈಲು ಓಡಿದ ಮಾತ್ರಕ್ಕೆ ನೆಲ ಕಂಪನಿಯದ್ದೇ ಆಗಿರಬೇಕಿಲ್ಲ. ಕೆಲವು ಕಡೆ ಕೊಂಡಿರುತ್ತಾರೆ. ಕೆಲವು ಕಡೆ ರೈಲು ಓಡಿಸುವ ಹಕ್ಕು ಮಾತ್ರ ಪಡೆದಿರುತ್ತಾರೆ, ನೆಲ ಮೂಲ ಮಾಲೀಕರದೇ. ಅಮೆರಿಕದ ಸುಪ್ರೀಂ ಕೋರ್ಟ್ 1990ರ ಪ್ರಿಸೋ ಪ್ರಕರಣದಲ್ಲಿ 1983ರ ಕಾನೂನನ್ನು ಎತ್ತಿಹಿಡಿಯಿತು. ಆದರೆ ಮಾಲೀಕರು ಪರಿಹಾರ ಕೇಳುವ ದಾರಿ ತೆರೆದೇ ಇದೆ ಎಂದಿತು. 2014ರ ಬ್ರಾಂಟ್ ಪ್ರಕರಣದಲ್ಲಿ ಸರ್ಕಾರ ನ್ಯಾಯಮೂರ್ತಿಗಳ 8–1 ಬಹುಮತದಿಂದ ಸೋತಿತು. ರೈಲಿಗೆ ಕೊಟ್ಟಿದ್ದು ಓಡಾಟದ ಹಕ್ಕಷ್ಟೇ, ರೈಲು ಹೋದ ಮೇಲೆ ನೆಲ ಮಾಲೀಕರದ್ದು ಎಂದಾಯಿತು.

ಪಾಠ ಸರಳ. ಒಂದೊಂದು ತುಂಡಿನ ದಾಖಲೆಯನ್ನೂ ಮೊದಲು ತೆಗೆಸಿ. ಪರಿಹಾರ ಕೊಡಬೇಕಾದರೆ ಅದನ್ನು ಯೋಜನೆಯ ಖರ್ಚಿನಲ್ಲೇ ತೋರಿಸಿ. ದಾಖಲೆ ನೋಡದೆ ಜಲ್ಲಿ ಸುರಿದ ಯೋಜನೆ ಕೋರ್ಟಿನಲ್ಲಿ ಕೂರುತ್ತದೆ.

ಕೆಳಗೆ ಪೈಪು, ಕೇಬಲ್ ಹಾಕಿ ಬಾಡಿಗೆ ತಗೋಬಹುದಲ್ಲ?

ಒಳ್ಳೆಯ ಯೋಚನೆ, ನಡೆದೂ ಇದೆ. ವರ್ಜೀನಿಯಾದ ವಾಷಿಂಗ್ಟನ್ ಆ್ಯಂಡ್ ಓಲ್ಡ್ ಡೊಮಿನಿಯನ್ ಹಾದಿ 72 ಕಿಲೋಮೀಟರ್. ರೈಲು ನಿಂತಾಗ ಆ ಜಾಗ ಕೊಂಡದ್ದೇ ವಿದ್ಯುತ್ ಕಂಪನಿ. ಆಮೇಲೆ ಉದ್ಯಾನ ಪ್ರಾಧಿಕಾರ ಅದನ್ನು ಕೊಂಡಿತು. ಇಂದಿಗೂ ತಲೆಯ ಮೇಲೆ ವಿದ್ಯುತ್ ತಂತಿ ಹೋಗುತ್ತದೆ. ಬಾಡಿಗೆ ಬಂದರೆ ಅದು ನಿರ್ವಹಣೆಯ ಖಾತೆಗೇ ಬೀಳಬೇಕು ಅಂತ ಬರೆಸಿ. ದಾರಿ ಹಾಕುವ ಮೊದಲೇ ಪೈಪು ಹಾಕಿಸಿ. ಇಲ್ಲದಿದ್ದರೆ ಹೊಸ ಡಾಂಬರನ್ನು ಮರುವರ್ಷ ಅಗೆಯುತ್ತಾರೆ.

ಸರಿ, ಬೆಂಬಲ ಪತ್ರ ಬರೀತೀನಿ. ಏನು ಬರೀಲಿ?

ಒಂದು ಪುಟ ಸಾಕು. ಯೋಜನೆಯ ಹೆಸರು, ಯಾವ ತುಂಡು ಅಂತ ಮೊದಲ ಸಾಲಿನಲ್ಲೇ ಇರಲಿ. ಆಮೇಲೆ ನೀವು ಅದನ್ನು ಯಾವುದಕ್ಕೆ ಬಳಸುತ್ತೀರಿ ಅಂತ ನಿಮ್ಮದೇ ಮಾತಿನಲ್ಲಿ. ‘ನನ್ನ ಮಗಳು ಶಾಲೆಗೆ ಹೋಗೋಕೆ ಹೆದ್ದಾರಿ ದಾಟಬೇಕು, ಈ ದಾರಿ ಆದರೆ ದಾಟಬೇಕಿಲ್ಲ’ ಎಂಬ ಒಂದು ಸಾಲು, ಅಚ್ಚು ಹಾಕಿದ ನೂರು ಪತ್ರಗಳಿಗಿಂತ ಗಟ್ಟಿ. ಒಂದೇ ಮಾದರಿಯ ಪತ್ರಗಳನ್ನು ಕಚೇರಿಯಲ್ಲಿ ಕಟ್ಟು ಕಟ್ಟಿ ಒಂದೇ ಅಂತ ಎಣಿಸುವುದೂ ಉಂಟು.

ನಿಮ್ಮ ಷರತ್ತನ್ನೂ ಬರೆಯಿರಿ. ನಿರ್ವಹಣೆಗೆ ಬೇರೆ ಖಾತೆ ಬೇಕು, ರೈತರ ದಾಟುವ ಜಾಗ ಮೊದಲು ಗುರುತಾಗಬೇಕು, ಹೀಗೆ ಒಂದೋ ಎರಡೋ. ಬೇಷರತ್ತಾದ ಬೆಂಬಲವನ್ನು ಯಾರೂ ಎರಡನೇ ಸಲ ಓದುವುದಿಲ್ಲ. ಅಹವಾಲು ಕೇಳುವ ಕೊನೆಯ ದಿನಾಂಕ ನೋಡಿಕೊಳ್ಳಿ, ಪತ್ರ ಕೊಟ್ಟ ಮೇಲೆ ಸ್ವೀಕೃತಿ ಪಡೆಯಿರಿ. ಸಭೆಯಲ್ಲಿ ಮಾತಾಡುವುದಾದರೆ ಎರಡು ನಿಮಿಷ ಮೀರಬೇಡಿ, ಮತ್ತು ವಿರೋಧಿಸುವ ನೆರೆಯವರು ಮಾತಾಡಿದ ಮೇಲೆ ಎದ್ದು ನಿಲ್ಲಿ. ಅವರು ಹೇಳಿದ್ದರಲ್ಲಿ ಬೇಲಿಯ ಮಾತೋ ಗೇಟಿನ ಮಾತೋ ಇದ್ದರೆ ಅದನ್ನೇ ನಿಮ್ಮ ಬೇಡಿಕೆಗೂ ಸೇರಿಸಿಕೊಂಡು ಹೇಳಿ.